ಗುರಿ ನಿನ್ನ ಕೈಯಳತೆಯಲ್ಲಿರಲಿ

ತಮ್ಮಾ, ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೀ ಎಂದು ಕೇಳಿ ಹೆಮ್ಮೆಯಾಯಿತು. ನಮ್ಮ ಗಡಹಿಂಗ್ಲಜ, ಇಚಲಕರಂಜಿಯ ಹುಡುಗರಿಗೂ ಹುಡುಗಿಯರಿಗೂ ಈಗ ಈ ಆಟ ದೂರದ್ದಲ್ಲ. ಕೊಲ್ಹಾಪುರದಲ್ಲೇ ರಾಜಾರಾಮ ಕೆರೆಯ ಈಜಿನಿಂದ ಶುರುವಾಗುವ ‘ಲೋಹಪುರುಷ’ ಸ್ಪರ್ಧೆ ಇದೆ. ಅಂಬೋಲಿ ಘಾಟಿ ಇಳಿದರೆ ಗೋವಾ. ಅಲ್ಲಿ 2019ರಲ್ಲಿ ಅರ್ಧ ಐರನ್‌ಮ್ಯಾನ್ ಶುರುವಾಯಿತು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಎಲ್ಲ ಸೇರಿ ಎಂಟೂವರೆ ತಾಸಿನೊಳಗೆ ಮುಗಿಸಬೇಕು. ಹೆಸರು ಕೊಟ್ಟ ದಿನದಿಂದಲೇ ‘ಎಷ್ಟು ತಾಸಿನಾಗ ಮುಗಸ್ತೀ?’ ಎಂದು ಊರೆಲ್ಲ ಕೇಳುತ್ತದೆ. ಆ ಪ್ರಶ್ನೆಗೆ ಅವಸರದಿಂದ ಉತ್ತರ ಕೊಡಬೇಡ.

ತಾಸಿನ ಲೆಕ್ಕ ಬೇಕು, ಆದರೆ ಅದು ನಿನ್ನ ಅಭ್ಯಾಸದಿಂದ ಹುಟ್ಟಬೇಕು. ಹಾಳೆ ತೆಗೆದುಕೊಂಡು ಕೂಡು. ಈಜಿಗೆ 55 ನಿಮಿಷ. ತಾಸಿಗೆ 25 ಕಿ.ಮೀ. ಹೊಡೆದರೆ ಸೈಕಲ್ಲಿಗೆ 3 ತಾಸು 36 ನಿಮಿಷ. ಕಿಲೋಮೀಟರಿಗೆ 8 ನಿಮಿಷದಂತೆ ಓಟಕ್ಕೆ 2 ತಾಸು 49 ನಿಮಿಷ. ಬಟ್ಟೆ, ಬೂಟು ಬದಲಿಸಲು 15 ನಿಮಿಷ. ಒಟ್ಟು 7 ತಾಸು 35 ನಿಮಿಷ. ಕೈಯಲ್ಲಿ ಇನ್ನೂ 55 ನಿಮಿಷ ಉಳಿಯಿತು. ಈ ವೇಗಗಳು ನಿನ್ನವಲ್ಲದಿದ್ದರೆ ನಿನ್ನವನ್ನೇ ಬರೆ. ಗೆಳೆಯನ ಫೋನಿನಲ್ಲಿ ಕಂಡ ವೇಗ ನಿನ್ನ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಗಡಿಯಾರದ ಗುರಿ ಪೂರ್ತಿ ನಿನ್ನ ಕೈಯಲ್ಲಿಲ್ಲ. ಎದುರುಗಾಳಿ ಬೀಸಬಹುದು, ಟ್ಯೂಬ್ ಪಂಕ್ಚರ್ ಆಗಬಹುದು, ಬಿಸಿಲು ಏರಬಹುದು. ಅದಕ್ಕೇ ಪ್ರತಿ ಹಂತಕ್ಕೂ ನೀನೇ ಮಾಡಬಲ್ಲ ಒಂದೊಂದು ಕೆಲಸವನ್ನು ಗುರಿಯಾಗಿ ಇಟ್ಟುಕೋ. ನೀರಿನಲ್ಲಿ ಮೊದಲ 200 ಮೀಟರ್ ಉಸಿರು ಏರದಂತೆ ಈಜುವುದು. 25 ಮೀಟರಿನ ಕೊಳದಲ್ಲಿ 76 ಸಲ ಉದ್ದ ಮುಟ್ಟಿದರೆ 1.9 ಕಿ.ಮೀ. ಆಗುತ್ತದೆ; ಆದರೆ ಕೆರೆಯಲ್ಲಿ ಒದ್ದು ಮುಂದೆ ಸಾಗಲು ಗೋಡೆ ಇಲ್ಲ, ತಳದಲ್ಲಿ ಗೆರೆಯೂ ಇಲ್ಲ. ತಲೆಯೆತ್ತಿ ತೇಲುಗುರುತು ನೋಡಿಕೊಳ್ಳುವುದನ್ನು ಬಲ್ಲವರ ಜೊತೆಗೇ ಕಲಿ, ಒಬ್ಬನೇ ನೀರಿಗಿಳಿಯಬೇಡ. ಸೈಕಲ್ ಮೇಲೆ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ, ನಮ್ಮ ಕೊಲ್ಹಾಪುರಿ ಬೆಲ್ಲದ ತುಂಡೂ ನಡೆಯುತ್ತದೆ. ಬರೀ ನೀರು ಕುಡಿಯುತ್ತ ಹೋಗಬೇಡ, ಉಪ್ಪೂ ಬೇಕು. ಅಭ್ಯಾಸದಲ್ಲಿ ತಿಂದು ಅರಗಿಸಿಕೊಂಡದ್ದನ್ನೇ ಆ ದಿನವೂ ತಿನ್ನು. ಓಟದ ಮೊದಲ ಐದು ಕಿ.ಮೀ. ಯಾರು ದಾಟಿ ಹೋದರೂ ಬೆನ್ನು ಹತ್ತಬೇಡ.

ಕುಸ್ತಿ ತಾಲೀಮಿನ ಉಸ್ತಾದರೂ ಎಳೆಯ ಪೈಲ್ವಾನನಿಗೆ ಮೈದಾನ ಗೆಲ್ಲುವ ಮಾತನ್ನು ಮೊದಲು ಆಡುವುದಿಲ್ಲ. ಇವತ್ತು ಇಷ್ಟು ದಂಡ, ಇಷ್ಟು ಬೈಠಕ್ ಎನ್ನುತ್ತಾರೆ. ರಾಜಾರಾಮ ಕಾಲೇಜಿನಲ್ಲಿ ಓದಿದ ಪೈಲ್ವಾನ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು. ಮಣ್ಣಿನ ಅಖಾಡದಲ್ಲಿ ಬೆಳೆದ ಅವರಿಗೆ ಮ್ಯಾಟಿನ ಕುಸ್ತಿ ಹೊಸದು. 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ನಿನ್ನ ಮೊದಲ ಸ್ಪರ್ಧೆಯಲ್ಲೇ ಎಲ್ಲವೂ ಕೈಗೂಡಬೇಕು ಎನ್ನುವ ಹಟವನ್ನು ಬಿಡು. ಇದು ಮುಗಿಸುವ ವರ್ಷ, ಮುಂದಿನದು ವೇಗದ ವರ್ಷ ಎಂದುಕೊಂಡರೆ ಏನೂ ಕಳೆದುಹೋಗುವುದಿಲ್ಲ.

ಗುರಿ ಇಡುವಾಗ ನಿನ್ನ ಊರು, ನಿನ್ನ ಕೆಲಸ ಲೆಕ್ಕದಲ್ಲಿರಲಿ. ಇಚಲಕರಂಜಿಯಲ್ಲಿ ಮಗ್ಗದ ಮೇಲೆ ರಾತ್ರಿ ಪಾಳಿ ಮುಗಿಸಿದವನು ಅದೇ ಮುಂಜಾನೆ 80 ಕಿ.ಮೀ. ಸೈಕಲ್ ತುಳಿಯುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ. ಮೊದಲು ನಿದ್ದೆ, ದೂರದ ಸವಾರಿ ವಾರದ ರಜೆಗೆ ಇರಲಿ. ಗಡಹಿಂಗ್ಲಜ–ಸಂಕೇಶ್ವರ ರಸ್ತೆ ಹಿಡಿಯುವವರು ಕಬ್ಬಿನ ಹಂಗಾಮನ್ನು ಮರೆಯಬಾರದು. ನಸುಕಿನಲ್ಲಿ ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಎಷ್ಟೋ ಸಲ ದೀಪವೇ ಇರುವುದಿಲ್ಲ; ಹೊರಚಾಚಿದ ಜಲ್ಲೆಗಳು ಹತ್ತಿರ ಬರುವವರೆಗೆ ಕಾಣುವುದೂ ಇಲ್ಲ. ಬೆಳಕು ಹರಿದ ಮೇಲೆಯೇ ಹೊರಡು, ಹೆಲ್ಮೆಟ್ ಹಾಕು, ಹಿಂದೆ ಕೆಂಪು ದೀಪ ಕಟ್ಟು.

ನಿಲ್ಲುವ ಗುರಿಯನ್ನೂ ಮೊದಲೇ ಬರೆದಿಡು. ಎದೆ ನೋವು, ತಲೆ ಸುತ್ತು, ಮಾತು ತೊದಲುವುದು, ಬೆವರು ನಿಂತು ಮೈ ಕಾಯುವುದು, ಇವುಗಳಲ್ಲಿ ಯಾವುದು ಕಂಡರೂ ನಿಂತು ಸಹಾಯ ಕೇಳಬೇಕು. ಮಂಡಿ ನೋವನ್ನು ನುಂಗಿಕೊಂಡು ಓಡುವವರನ್ನು ಬಹಳ ನೋಡಿದ್ದೇನೆ; ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಯಾರಿಗೆ ಇಳಿಯುವ ಮೊದಲೇ ಡಾಕ್ಟರರಿಗೆ ಒಮ್ಮೆ ತೋರಿಸಿಕೋ. ದಣಿದ ತಲೆ ಸರಿಯಾಗಿ ಯೋಚಿಸುವುದಿಲ್ಲ. ಅದಕ್ಕೇ ಯಾವಾಗ ನಿಲ್ಲಬೇಕು ಎಂಬ ತೀರ್ಮಾನವನ್ನು ಮನೆಯಲ್ಲಿ, ತಣ್ಣಗಿರುವಾಗಲೇ ಮಾಡಿಡಬೇಕು.

ಬರೆದ ಹಾಳೆಯನ್ನು ಮನೆಯವರಿಗೂ ತೋರಿಸು. ನಿನ್ನ ನಸುಕಿನ ಚಹಾ, ನಿನ್ನ ಒದ್ದೆ ಬಟ್ಟೆ, ನೀನು ತಪ್ಪಿಸುವ ಮದುವೆ-ಮುಂಜಿ ಎಲ್ಲದರ ಭಾರ ಅವರ ಮೇಲೂ ಬೀಳುತ್ತದೆ. ಎಷ್ಟು ತಿಂಗಳು, ವಾರಕ್ಕೆ ಎಷ್ಟು ದಿನ, ಯಾವ ಹಬ್ಬಕ್ಕೆ ರಜೆ ಎಂಬುದನ್ನು ಅವರ ಜೊತೆ ಕೂತು ಗೊತ್ತುಮಾಡು. ಅವರು ಒಪ್ಪಿದ ಗುರಿಯನ್ನು ಕೊನೆಯವರೆಗೆ ನಡೆಸಿಕೊಂಡು ಹೋಗುವುದು ಸುಲಭ. ಈ ವಾರವೇ ಬರೆ, ತಿಂಗಳಿಗೊಮ್ಮೆ ತೆಗೆದು ನೋಡು, ಮೈ ಹೇಳಿದಂತೆ ತಿದ್ದು. ತಿದ್ದುವುದಕ್ಕೆ ನಾಚಬೇಡ. ಒಳ್ಳೆಯದಾಗಲಿ.