ಹಿಡಿತ ಎಷ್ಟು ಕೆಜಿ?

ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲಿ ಅಣ್ಣ, ಮಸ್ಕಿ ಕಡೆಯ ಹೊಲದಲ್ಲಿ ಹತ್ತಿ ಬಿಡಿಸುವ ಅಕ್ಕ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಡ್ರಿಲ್ ಹಿಡಿಯುವ ಕಾರ್ಮಿಕ, ದಿನವಿಡೀ ಮೊಬೈಲ್ ಹಿಡಿದಿರೋ ನಾವು. ಯಾರ ಮುಷ್ಟಿ ಗಟ್ಟಿ? ಅಳೆದು ನೋಡಿದ್ರೆ ಆಯ್ತು ಅಂತೀರಾ? ಅಳೆಯೋದೇನೋ ಸುಲಭ, ಹೋಲಿಸೋದೇ ಕಷ್ಟ ನೋಡ್ರಿ.

ಮುಷ್ಟಿಬಲಕ್ಕೆ ವೈದ್ಯರೂ ಬೆಲೆ ಕೊಡ್ತಾರೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ಯೂರ್ ಅಧ್ಯಯನ ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದಿತ್ತು. ಹಿಡಿತ 5 ಕೆಜಿ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಸುಮಾರು 16% ಹೆಚ್ಚು ಕಂಡಿತು. ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಇದ್ದರೆ ಅದನ್ನು ದುರ್ಬಲ ಹಿಡಿತ ಅಂತ ಗುರುತಿಸಿತು.

ಅಳೆಯುವ ಸಾಧನ ಡೈನಮೋಮೀಟರ್. ಆಸ್ಪತ್ರೆಗಳಲ್ಲಿ ಹೆಸರಾದದ್ದು ಜಾಮರ್, ಹೈಡ್ರಾಲಿಕ್ ಮಾದರಿ. ಅದರ ಹಿಡಿಗೆ ಐದು ಸ್ಥಾನಗಳಿವೆ, ಸಾಮಾನ್ಯವಾಗಿ ಎರಡನೆಯದನ್ನು ಬಳಸ್ತಾರೆ. ಕುರ್ಚಿಯಲ್ಲಿ ಕೂತು, ತೋಳು ಪಕ್ಕಕ್ಕೆ ತಾಗಿಸಿ, ಮೊಣಕೈ 90 ಡಿಗ್ರಿ ಮಡಚಿ ಮೂರು ಸಲ ಹಿಂಡಬೇಕು, ನಡುವೆ ಸ್ವಲ್ಪ ಬಿಡುವು ಕೊಡಬೇಕು. ಒಬ್ಬರಿಗೆ "ಹಿಂಡ್ರಿ, ಇನ್ನೂ ಹಿಂಡ್ರಿ" ಅಂತ ಹುರುಪು ತುಂಬಿ ಇನ್ನೊಬ್ಬರ ಹತ್ತಿರ ಸುಮ್ಮನೆ ನಿಂತರೆ ಅಂಕಿ ಬದಲಾಗುತ್ತೆ. ಹಾಗಾಗಿ ಎಲ್ಲರಿಗೂ ಒಂದೇ ಮಾತು.

ಲೋಡ್ ಸೆಲ್, ಎಚ್ಎಕ್ಸ್711, ಆರ್ಡುಯಿನೋ ಜೋಡಿಸಿ ನಾವೇ ಒಂದು ಮಾಡಬಹುದು. ಆದರೆ ಮುದ್ರೆ ಒತ್ತಿದ ತೂಕದ ಕಲ್ಲುಗಳನ್ನು 10, 20, 30 ಕೆಜಿ ಅಂತ ತೂಗುಹಾಕಿ ರೀಡಿಂಗ್ ಸರಳರೇಖೆಯಲ್ಲಿ ಬರುತ್ತಾ ಅಂತ ಮೊದಲು ನೋಡಬೇಕು. ಹಿಡಿಯ ತುದಿಯಲ್ಲಿ ಹಿಂಡಿದಾಗ ಒಂದು, ನಡುವೆ ಹಿಂಡಿದಾಗ ಇನ್ನೊಂದು ತೋರಿಸಿದರೆ ಡಿಸೈನ್ ಬದಲಿಸಬೇಕು. ಇಲ್ಲಿ ಕೆಜಿ ಅಂದ್ರೆ ಬಲ, 30 ಕೆಜಿ ಅಂದರೆ ಸುಮಾರು 294 ನ್ಯೂಟನ್.

ಈಗ ಹೋಲಿಕೆಗೆ ಬರೋಣ. ಹಮಾಲರ ಸರಾಸರಿ 40, ಗಣಿ ಕಾರ್ಮಿಕರದು 34 ಬಂತು ಅಂದುಕೊಳ್ಳಿ. ಗಣಿ ಕೆಲಸದಿಂದ ಕೈ ಸೋತಿತು ಅಂತ ತಕ್ಷಣ ಬರೆದುಬಿಡಬಹುದಾ? ಹಮಾಲರೆಲ್ಲ 28ರ ಆಸುಪಾಸು, ಗಣಿಯವರು 50 ದಾಟಿದವರಾಗಿದ್ದರೆ ಆ ವ್ಯತ್ಯಾಸ ವಯಸ್ಸಿನದೇ ಇರಬಹುದು. ಎತ್ತರ, ಲಿಂಗ, ಬಲಗೈಯೋ ಎಡಗೈಯೋ, ಪಾಳಿಗೆ ಮೊದಲೋ ಪಾಳಿ ಮುಗಿದ ಮೇಲೋ, ಎಲ್ಲ ಬರೆದುಕೊಳ್ಳಬೇಕು. ಯುರೋಪಿನ ಪಟ್ಟಿ ಹಿಡಿದು ನಮ್ಮವರನ್ನು ಅಳೆದರೆ ಅರ್ಧ ಊರೇ ದುರ್ಬಲ ಅನಿಸೀತು. ದಕ್ಷಿಣ ಏಷ್ಯಾದ ಸರಾಸರಿ ಯುರೋಪಿನದಕ್ಕಿಂತ ಕಡಿಮೆ ಅಂತ ಪ್ಯೂರ್ ಅಂಕಿಗಳೇ ಹೇಳ್ತವೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಂಪಿಸುವ ಡ್ರಿಲ್ಲನ್ನು ವರ್ಷಗಟ್ಟಲೆ ಹಿಡಿದರೆ ಬೆರಳಿನ ನರ, ರಕ್ತನಾಳ ಕೆಡುತ್ತವೆ, ಬೆರಳು ಜೋಮು ಹಿಡಿಯುತ್ತೆ, ಹಿಡಿತ ಸಡಿಲಾಗುತ್ತೆ. ಹೀಗಾದವರು ಆ ಕೆಲಸದಲ್ಲಿ ಬಹಳ ದಿನ ಉಳಿಯೋದಿಲ್ಲ. ಚೀಲ ಎತ್ತಲಾಗದ ಹಮಾಲಿಯೂ ಮಿಲ್ಲಿಗೆ ಬರೋದಿಲ್ಲ. ಗೇಟಿನ ಹತ್ತಿರ ನಿಂತು ಅಳೆದರೆ ನಮಗೆ ಸಿಗೋದು ಗಟ್ಟಿ ಕೈಗಳು ಮಾತ್ರ, ಕೆಲಸ ಮಾಡಿದ ಹಾನಿ ಲೆಕ್ಕಕ್ಕೇ ಬರೋದಿಲ್ಲ. ಅದಕ್ಕೇ ಕೆಲಸ ಬಿಟ್ಟವರ ಮನೆಗೂ ಹೋಗಬೇಕು. ಯಾವ ವರ್ಷ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಕೇಳಬೇಕು. ಓಡಾಟ ಜಾಸ್ತಿ, ಆದರೆ ನಿಜವಾದ ಡೇಟಾ ಇರೋದು ಅಲ್ಲೇ.

ಕಾಲೇಜಿನ ಅನುಮತಿ, ಅಳೆಸಿಕೊಳ್ಳುವವರ ಒಪ್ಪಿಗೆ ಎರಡೂ ಮೊದಲೇ ಬೇಕು. ಹಾಳೆಯಲ್ಲಿ ಹೆಸರಿನ ಬದಲು ನಂಬರ್ ಬರೆಯಿರಿ, ಯಾವ ನಂಬರ್ ಯಾರದು ಅನ್ನೋ ಪಟ್ಟಿ ಬೇರೆ ಇರಲಿ. ಇಂಥವರ ಹಿಡಿತ 24 ಕೆಜಿ ಅಂತ ಮೇಸ್ತ್ರಿಗೆ ಗೊತ್ತಾದರೆ ನಾಳೆ ಅವರ ಕೂಲಿ ಹೋಗಬಹುದು. ಅಂಕಿ ಹೇಳೋದು ಅವರೊಬ್ಬರಿಗೆ ಮಾತ್ರ. ಕಡಿಮೆ ಬಂದರೆ ಡಾಕ್ಟರಿಗೆ ಒಮ್ಮೆ ತೋರಿಸ್ರಿ ಅನ್ನಿ. ಮೇಸ್ತ್ರಿ ಕೇಳಿದರೂ ಪಟ್ಟಿ ಕೊಡಬೇಡಿ.