ಉತಾರವೂ ವರ್ದಿಯೂ: ಮಾಹಿತಿಯನ್ನು ಇಡುವ ಬಗೆಗಳು

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಗಣಕಯಂತ್ರದ ತಂತ್ರಾಂಶವನ್ನು ರಚಿಸುವ ಉದ್ಯೋಗದಲ್ಲಿರುವರು. “ಬಾಯಿಯವರೇ, ನಮ್ಮ ಮಗಳು ಮಾಡುವ ಕೆಲಸವಾದರೂ ಏನು?” ಎಂದು ಅವರ ತಾಯಿತಂದೆಗಳು ನಮ್ಮನ್ನು ಕೇಳುವದುಂಟು. ಆ ಕೆಲಸದ ಒಂದು ಮುಖ್ಯ ಭಾಗವನ್ನು ಚಿಂಚಲಿಯ ಪ್ರತಿಯೊಬ್ಬ ರೈತನೂ ಬಲ್ಲ ಉತಾರದ ದೃಷ್ಟಾಂತದಿಂದ ಇಲ್ಲಿ ತಿಳಿಸುವೆವು.

ಮೊದಲನೆಯ ಪ್ರಶ್ನೆ ಇದು: ಮಾಹಿತಿಯು ಒಂದೇ ಕಡೆ ಇರಬೇಕೋ, ಹಲವು ಕಡೆ ಇರಬೇಕೋ? ಹಿಂದೆ ಹೊಲದ ಲೆಕ್ಕವು ತಲಾಠಿಯ ದಫ್ತರದಲ್ಲಿರುತ್ತಿತ್ತು. ಪುಸ್ತಕವು ಊರಲ್ಲಿಯೇ ಇದ್ದುದು ಅನುಕೂಲವೇ. ಆದರೆ ಅದರಲ್ಲಿ ಬರೆದುದನ್ನು ಬೇರೆಯವರು ತಾಳೆ ನೋಡುವದು ಕಠಿಣವಾಗಿತ್ತು. ಕರ್ನಾಟಕದ ‘ಭೂಮಿ’ ಯೋಜನೆಯು 2001ರ ಸುಮಾರಿಗೆ 177 ತಾಲೂಕುಗಳ, ಸುಮಾರು 67 ಲಕ್ಷ ರೈತರ, 2 ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೆ ತಂದಿತು. ಆಗ ಒಂದು ಉತಾರಕ್ಕೆ 15 ರೂಪಾಯಿ. ಆರಂಭದಲ್ಲಿ ಆಯಾ ತಾಲೂಕಿನ ದಾಖಲೆಯು ಅಲ್ಲಿಯ ಯಂತ್ರದಲ್ಲಿಯೇ ಇರುತ್ತಿತ್ತು. ಒಂದು ತಾಲೂಕಿನ ಯಂತ್ರವು ನಿಂತರೂ ಇನ್ನೊಂದರ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ರಾಯಬಾಗದ ಉತಾರವನ್ನು ಅಥಣಿಯಲ್ಲಿ ಪಡೆಯುವಂತಿರಲಿಲ್ಲ. ಮುಂದೆ ದಾಖಲೆಗಳನ್ನು ರಾಜ್ಯದ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಲಾಯಿತು. ಈಗ ಎಲ್ಲಿಂದಲಾದರೂ ನೋಡಬಹುದು. ಆದರೆ ಕೇಂದ್ರವು ತಡೆದರೆ ಎಲ್ಲರ ಕೆಲಸವೂ ತಡೆಯುವದು.

ಎರಡನೆಯದು: ಒಂದೇ ಸಂಗತಿಯನ್ನು ಎರಡು ಕಡೆ ಬರೆದರೆ ಮೂಲ ಯಾವುದು? ಒಮ್ಮೆ ನಮ್ಮ ಕೈಯಿಂದಲೇ ಒಬ್ಬ ವಿದ್ಯಾರ್ಥಿನಿಯ ಜನ್ಮದಿನಾಂಕವು ದಾಖಲಾತಿಯ ಪುಸ್ತಕದಲ್ಲಿ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು ಆಯಿತು. ತಪ್ಪು ನಮ್ಮದು, ಅಲೆದಾಟ ಅವಳದು. ಅಂದಿನಿಂದ ಒಂದೇ ಪುಸ್ತಕವು ಮೂಲ, ಉಳಿದವೆಲ್ಲ ಅದರ ನಕಲು ಎಂಬ ನಿಯಮವನ್ನು ನಾವು ಪಾಲಿಸುತ್ತಿರುವೆವು. ‘ಭೂಮಿ’ ಬಂದ ಮೇಲೆ ಕೈಬರಹದ ಉತಾರವನ್ನು ನಿಲ್ಲಿಸಿದುದರ ತತ್ತ್ವವೂ ಇದೇ.

ಮೂರನೆಯದು ಹೆಣ್ಣುಮಕ್ಕಳಿಗೆ ಬಹು ಮುಖ್ಯವಾದುದು. ಉತಾರವು ಇಂದಿನ ಒಡೆಯನಾರೆಂದು ಹೇಳುವದು. ಹಕ್ಕು ಬದಲಾವಣೆಯ ವರ್ದಿಯು ಅವನು ಹೇಗೆ ಒಡೆಯನಾದನೆಂದು ಹೇಳುವದು. ಯಂತ್ರವು ಹಳೆಯ ಹೆಸರನ್ನು ಅಳಿಸಿ ಹೊಸದನ್ನಷ್ಟೇ ಬರೆದರೆ, ತಂದೆಯ ಹೊಲದಿಂದ ತನ್ನ ಹೆಸರು ಎಂದು, ಯಾವ ಕಾರಣದಿಂದ ಹೋಯಿತೆಂಬುದನ್ನು ಮಗಳು ಅರಿಯಲಾರಳು. ಪ್ರತಿಯೊಂದು ಬದಲಾವಣೆಯನ್ನೂ ಅಳಿಸದೆ ಕ್ರಮವಾಗಿ ಬರೆದಿಟ್ಟು, ಅವುಗಳಿಂದಲೇ ಇಂದಿನ ಸ್ಥಿತಿಯನ್ನು ತೆಗೆಯುವ ಬಗೆಗೆ ತಂತ್ರಾಂಶದವರು ‘ಈವೆಂಟ್ ಸೋರ್ಸಿಂಗ್’ ಎನ್ನುವರು. ಇದರಿಂದ ಪುಸ್ತಕವು ಬೆಳೆಯುತ್ತಲೇ ಹೋಗುವದು, ಇಂದಿನ ಸ್ಥಿತಿಯನ್ನು ತಿಳಿಯಲು ಹೆಚ್ಚು ಶ್ರಮವೂ ಬೇಕು. ಆದುದರಿಂದ ಓದಲಿಕ್ಕೆ ಉತಾರದಂಥ ಪಟ್ಟಿಯನ್ನು ಬೇರೆಯಾಗಿ ಸಿದ್ಧವಿಡುವರು. ಶಾಲೆಯ ವೇಳಾಪಟ್ಟಿಗೆ ಇಷ್ಟೊಂದು ಖಟಪಟಿ ಬೇಡ, ಇಂದಿನದೊಂದಿದ್ದರೆ ಸಾಕು; ಹೊಲದ ಹಕ್ಕಿಗೆ ಅಷ್ಟು ಸಾಲದು.

ಹೀಗೆ ಎಲ್ಲ ಕೆಲಸಕ್ಕೂ ಸಲ್ಲುವ ಒಂದೇ ಬಗೆಯಿಲ್ಲ. ಯಾರು ಬರೆಯುವರು, ಯಾರು ಓದುವರು, ಮೂಲ ಯಾವುದು, ತಪ್ಪಾದರೆ ಯಾರಿಗೆ ಹಾನಿ ಎಂದು ಕೇಳಿಕೊಂಡವಳೇ ಸರಿಯಾಗಿ ಆರಿಸುವಳು.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿರುವದು. ನಿಮ್ಮ ಉತಾರವನ್ನೂ ವರ್ದಿಯನ್ನೂ ಮಗಳ ಕೈಯಲ್ಲಿ ಕೊಟ್ಟು ಓದಿಸಿರಿ. ಅಕ್ಷರ ಕಲಿಸಿದುದರ ಸಾರ್ಥಕತೆಯು ಅಲ್ಲಿಯೂ ಕಾಣಬೇಕು.