ಸೈಕಲ್ ಸೀಟು ಜಾರುತ್ತಿದ್ದರೆ, ಕ್ಲ್ಯಾಂಪಿನ ಬೋಲ್ಟು ಮುರಿದಿದ್ದರೆ

ಸೈಕಲ್ಲಿನ ಸೀಟನ್ನು ಹೊತ್ತಿರುವ ಪೋಸ್ಟು ಫ್ರೇಮಿನ ನಿಂತ ಪೈಪಿನೊಳಗೆ ನಿಲ್ಲುವುದು ಬರಿಯ ಹಿಡಿತದಿಂದ. ಅದನ್ನು ಕೆಳಗಿನಿಂದ ತಡೆಯುವ ಮೆಟ್ಟಿಲಾಗಲಿ ಮೊಳೆಯಾಗಲಿ ಇರುವುದಿಲ್ಲ. ಪೈಪಿನ ಮೇಲ್ತುದಿಯಲ್ಲಿ ಉದ್ದಕ್ಕೆ ಒಂದು ಸೀಳು ಇರುತ್ತದೆ. ಸುತ್ತಲಿನ ಕ್ಲ್ಯಾಂಪಿನ ಬೋಲ್ಟನ್ನು ತಿರುಗಿಸಿದಾಗ ಸೀಳು ಕಿರಿದಾಗಿ ಪೈಪು ಪೋಸ್ಟನ್ನು ಅಪ್ಪಿ ಹಿಡಿಯುತ್ತದೆ. ಸವಾರರ ಭಾರ, ರಸ್ತೆ ಉಬ್ಬುಗಳ ಏಟು ಎಲ್ಲವನ್ನೂ ತಡೆಯುವುದು ಈ ಅಪ್ಪುಗೆಯೇ. ಅದು ಸೋತಾಗ ಸೀಟು ಸ್ವಲ್ಪಸ್ವಲ್ಪವಾಗಿ ಕೆಳಗಿಳಿಯುತ್ತದೆ. ಮಂಡಿ ಪೂರ್ತಿ ಚಾಚಲಾಗದೆ ಮಡಚಿಕೊಂಡೇ ಪೆಡಲ್ ತುಳಿಯಬೇಕಾಗಿ ಕಾಲು ಬೇಗ ದಣಿಯುತ್ತದೆ.

ಸೀಟು ಇಳಿದಾಗಲೆಲ್ಲ ಬೋಲ್ಟನ್ನು ಇನ್ನಷ್ಟು ಬಿಗಿಯುವುದೇ ಎಲ್ಲರಿಗೂ ಹೊಳೆಯುವ ಉಪಾಯ. ಬೋಲ್ಟುಗಳು ಮುರಿಯುವುದೂ ಹೆಚ್ಚಾಗಿ ಹೀಗೆಯೇ. ಜಾರುವುದಕ್ಕೆ ಕಾರಣ ಬೇರೆಲ್ಲೋ ಇರುತ್ತದೆ, ಹೊರೆಯೆಲ್ಲ 5 ಮಿ.ಮೀ. ದಪ್ಪದ ಒಂದು ಬೋಲ್ಟಿನ ಮೇಲೆ ಬೀಳುತ್ತದೆ. ಹಾಗಾಗಿ ಬೋಲ್ಟು ಮುರಿದಿದ್ದರೂ ಸೀಟು ಜಾರಿದ್ದೇಕೆ ಎಂದು ನೋಡದೆ ಹೊಸದನ್ನು ಹಾಕಬಾರದು.

ಮೊದಲು ಅಳತೆ

ಪೋಸ್ಟಿನ ಈಗಿನ ಎತ್ತರಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿಕೊಂಡು, ಕ್ಲ್ಯಾಂಪು ಸಡಿಲಿಸಿ ಅದನ್ನು ಪೂರ್ತಿ ಹೊರಗೆ ಎಳೆಯಬೇಕು. ಅನೇಕ ಪೋಸ್ಟುಗಳ ಕೆಳಭಾಗದಲ್ಲಿ ಅದರ ವ್ಯಾಸವನ್ನು ಒತ್ತಿರುತ್ತಾರೆ: 25.4, 27.2, 30.9, 31.6 ಹೀಗೆ, ಎಲ್ಲವೂ ಮಿಲಿಮೀಟರ್ ಲೆಕ್ಕ. ಅಂಕಿ ಅಳಿಸಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಬೇಕು. ಸ್ಕೇಲು ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ 0.2 ಮಿ.ಮೀ. ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. 27.2ರ ಫ್ರೇಮಿಗೆ 27.0ರ ಪೋಸ್ಟು ಹಾಕಿದರೆ ಅದು ಸಲೀಸಾಗಿ ಒಳಗೆ ಹೋಗುತ್ತದೆ, ಬೋಲ್ಟು ಬಿಗಿದಾಗ ನಿಂತಂತೆಯೂ ಕಾಣುತ್ತದೆ. ಆದರೆ ಅದನ್ನು ಹಿಡಿಯಲು ಪೈಪು ಅಗತ್ಯಕ್ಕಿಂತ ಹೆಚ್ಚು ಬಾಗಬೇಕಾಗುತ್ತದೆ. ಕ್ಲ್ಯಾಂಪಿನ ಎರಡು ಕಿವಿಗಳು ಮೇಲೆ ಒಂದನ್ನೊಂದು ಮುಟ್ಟಿ ಕೆಳಗೆ ಬಾಯಿ ಬಿಟ್ಟಿದ್ದರೆ ಪೋಸ್ಟು ಸಣ್ಣದಾಯಿತೆಂದೇ ತಿಳಿಯಬಹುದು. ಓರೆಯಾದ ಕಿವಿಗಳ ನಡುವೆ ಬೋಲ್ಟು ಎಳೆತದ ಜೊತೆಗೆ ಬಾಗುವಿಕೆಯನ್ನೂ ತಾಳಬೇಕಾಗುತ್ತದೆ. ತಲೆಯ ಬುಡದಲ್ಲಿ ಅದು ಕಟ್ ಆಗುವುದು ಆಗಲೇ.

ಸರಿಯಾದ ಅಳತೆಯ ಪೋಸ್ಟನ್ನು ಕೊಳ್ಳುವುದೇ ನಿಜವಾದ ಪರಿಹಾರ. ಅದು ಸಿಗುವವರೆಗೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಒಂದು ಪಟ್ಟಿ ಕತ್ತರಿಸಿ ಪೋಸ್ಟಿಗೆ ಸುತ್ತಬಹುದು. ಡಬ್ಬಿಯ ತಗಡಿನ ದಪ್ಪ ಸುಮಾರು 0.1 ಮಿ.ಮೀ. ಒಂದು ಸುತ್ತು ಬಂದರೆ ವ್ಯಾಸಕ್ಕೆ 0.2 ಮಿ.ಮೀ. ಸೇರುತ್ತದೆ. ಪಟ್ಟಿ ಆರೇಳು ಸೆಂಟಿಮೀಟರ್ ಎತ್ತರವಿರಲಿ. ಅದರ ಅಂಚುಗಳು ಒಂದರ ಮೇಲೊಂದು ಬರಬಾರದು, ಅವುಗಳ ನಡುವಿನ ಸಂದು ಫ್ರೇಮಿನ ಸೀಳಿನ ನೇರಕ್ಕೆ ಇರಬೇಕು. ಮೇಲಂಚಿನಲ್ಲಿ 3 ಮಿ.ಮೀ.ನಷ್ಟು ಹೊರಕ್ಕೆ ಮಡಚಿದರೆ ಪಟ್ಟಿ ಪೈಪಿನೊಳಗೆ ಬಿದ್ದುಹೋಗುವುದಿಲ್ಲ. ಡಬ್ಬಿಯ ಅಂಚು ಬ್ಲೇಡಿನಷ್ಟೇ ಹರಿತ, ಕೈಗವಸು ಬೇಕು. ಹಳೆಯ ಟ್ಯೂಬಿನ ರಬ್ಬರ್ ತುಂಡು ತುರುಕುವ ರೂಢಿಯನ್ನು ಮಾತ್ರ ಬಿಡಬೇಕು. ರಬ್ಬರು ಭಾರಕ್ಕೆ ಹಿಸುಕಿಕೊಂಡು ಪೋಸ್ಟು ಅಲುಗಾಡುತ್ತಲೇ ಇರುತ್ತದೆ, ಸಂದಿನಲ್ಲಿ ನೀರು ನಿಂತು ತುಕ್ಕೂ ಹಿಡಿಯುತ್ತದೆ.

ಅಳತೆ ಸರಿಯಿದ್ದೂ ಜಾರುತ್ತಿದ್ದರೆ ಕೊಳೆ ಕಾರಣವಿರಬಹುದು. ಪೈಪಿನ ಒಳಭಾಗವನ್ನು ಬಟ್ಟೆಯಿಂದ ಒರೆಸಿ, ಸೀಳಿನ ಅಂಚಿನ ಮುಳ್ಳುಗಳನ್ನು ಸಣ್ಣ ಅರದಿಂದ ಉಜ್ಜಬೇಕು. ಜಾರಿ ಜಾರಿ ಕನ್ನಡಿಯಂತಾದ ಪೋಸ್ಟನ್ನು ಎಮರಿ ಕಾಗದದಿಂದ ಅಡ್ಡಡ್ಡ ಹಗುರವಾಗಿ ಉಜ್ಜಿದರೆ ಹಿಡಿತ ಮರಳುತ್ತದೆ. ಲೋಹದ ಪೋಸ್ಟಿಗೆ ತೆಳುವಾಗಿ ಗ್ರೀಸು ಸವರುವುದು ತಪ್ಪಲ್ಲ. ಗ್ರೀಸಿದ್ದರೆ ಜಾರುತ್ತದೆಂಬ ಅಂಜಿಕೆ ಅನೇಕರಿಗಿದೆ, ಆದರೆ ಅಳತೆ ಕೂಡಿದ್ದಲ್ಲಿ ಅದು ತುಕ್ಕನ್ನು ತಡೆಯುತ್ತದೆಯೇ ಹೊರತು ಸೀಟನ್ನು ಇಳಿಸುವುದಿಲ್ಲ. ಕಾರ್ಬನ್ ಫೈಬರ್ ಪೋಸ್ಟಿನ ವಿಷಯ ಬೇರೆ. ಅದಕ್ಕೆ ಗ್ರೀಸೂ ಎಮರಿ ಕಾಗದವೂ ಬೇಡ, ಸಣ್ಣ ಹರಳುಗಳಿರುವ ಕಾರ್ಬನ್ ಪೇಸ್ಟನ್ನೇ ಹಚ್ಚಬೇಕು.

ಮುರಿದ ಬೋಲ್ಟು

ಬೋಲ್ಟಿನ ತಲೆ ಹಾರಿಹೋದ ಕ್ಷಣವೇ ಎಳೆತವೂ ಬಿಟ್ಟಿರುತ್ತದೆ ಎಂಬುದನ್ನು ಮರೆಯಬಾರದು. ಒಳಗೆ ಉಳಿದ ತುಂಡು ಕೆಲವೊಮ್ಮೆ ಬೆರಳಿನಿಂದಲೇ ತಿರುಗುತ್ತದೆ. ಹಾಗಾಗಿ ಡ್ರಿಲ್ಲಿಗೆ ಕೈ ಹಾಕುವುದು ಕೊನೆಗೆ. ತುಕ್ಕು ಬಿಡಿಸುವ ಎಣ್ಣೆಯನ್ನು ತುಂಡಿನ ಎರಡೂ ತುದಿಗೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಅಡುಗೆಮನೆಯ ಎಣ್ಣೆಗೆ ಆ ಗುಣವಿಲ್ಲ. ತುಂಡು ಹೊರಗೆ ಚಾಚಿದ್ದರೆ ಕಚ್ಚಿಹಿಡಿಯುವ ಪ್ಲೈಯರ್‌ನಿಂದ ತಿರುಗಿಸಬಹುದು. ಕಿವಿಯ ಹಿಂಬದಿಯಲ್ಲಿ ಅದರ ತುದಿ ಕಾಣುತ್ತಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಅಲ್ಲೊಂದು ಗೀರು ಕೊಯ್ದು ಸ್ಕ್ರೂಡ್ರೈವರ್ ಕೂರಿಸಬೇಕು. ಅಪ್ರದಕ್ಷಿಣವಾಗಿ ತಿರುಗಿಸಿದರೆ ತುಂಡು ತಿರುಗಿಸುವವರ ಕಡೆಗೆ ಬರುತ್ತದೆ, ಪ್ರದಕ್ಷಿಣವಾಗಿ ತಿರುಗಿಸಿದರೆ ಆಚೆ ಬದಿಗೆ ಹೋಗುತ್ತದೆ. ಯಾವುದು ಹಗುರವೋ ಅದು.

ತಲೆ ಮುರಿಯದೆ ಅಲೆನ್ ಕೀ ಕೂರುವ ಗುಂಡಿ ಮಾತ್ರ ಸವೆದಿದ್ದರೆ, ಅದಕ್ಕಿಂತ ತುಸು ದೊಡ್ಡ ನಕ್ಷತ್ರಾಕಾರದ ಬಿಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಬಹುದು.

ಇದಾವುದಕ್ಕೂ ಬಗ್ಗದಿದ್ದರೆ ಡ್ರಿಲ್ಲು. ತುಂಡಿನ ನಡುಮಧ್ಯಕ್ಕೆ ಸೆಂಟರ್ ಪಂಚ್‌ನಿಂದ ಗುರುತು ಹೊಡೆದು, 2.5 ಮಿ.ಮೀ. ಬಿಟ್ಟಿನಿಂದ ನಿಧಾನವಾಗಿ ತೂತು ಕೊರೆಯಬೇಕು. ಎಂ5 ಬೋಲ್ಟಾದರೆ 4.2 ಮಿ.ಮೀ.ವರೆಗೆ, ಎಂ6 ಆದರೆ 5 ಮಿ.ಮೀ.ವರೆಗೆ ಹಿಗ್ಗಿಸಿ ಟ್ಯಾಪ್ ಹಾಕಿದರೆ ಹಳೆಯ ಥ್ರೆಡ್ಡು ಮತ್ತೆ ತೆರೆಯುತ್ತದೆ. ಗುರುತು ಅರ್ಧ ಮಿಲಿಮೀಟರ್ ಓರೆಯಾದರೂ ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಸರಿದು ಕಿವಿಯನ್ನು ತಿನ್ನುತ್ತದೆ. ತೂತಿಗೆ ಬಡಿದು ತಿರುಗಿಸುವ ಎಕ್ಸ್‌ಟ್ರಾಕ್ಟರ್ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಇಷ್ಟು ಸಣ್ಣ ಬೋಲ್ಟಿಗೆ ಅದು ಅಪಾಯದ ಸಾಧನ. ಗಡಸು ಉಕ್ಕಿನ ಅದರ ತುದಿ ಒಳಗೇ ಮುರಿದರೆ ಸಾಧಾರಣ ಬಿಟ್ಟು ಅದನ್ನು ಕೊರೆಯಲಾರದು.

ಇಷ್ಟು ಶ್ರಮ ಬೇಕಾಗುವುದು ಕಿವಿಗಳು ಫ್ರೇಮಿಗೇ ಬೆಸೆದುಕೊಂಡಿದ್ದಾಗ ಮಾತ್ರ. ಕ್ಲ್ಯಾಂಪು ಬಳೆಯಂತೆ ಬಿಡಿಯಾಗಿದ್ದರೆ ಅದನ್ನು ಎಸೆದು ಹೊಸದು ತರುವುದೇ ಜಾಣತನ. ಅದನ್ನು ಆರಿಸಬೇಕಾದದ್ದು ನಿಂತ ಪೈಪಿನ ಹೊರವ್ಯಾಸ ನೋಡಿ: 28.6, 31.8 ಅಥವಾ 34.9 ಮಿ.ಮೀ. ಬೆಸೆದ ಕಿವಿಯ ಥ್ರೆಡ್ಡು ಹಾಳಾಗಿದ್ದರೆ ತೂತನ್ನು ಆರಪಾರು ಮಾಡಿಸಿ, ಉದ್ದದ ಬೋಲ್ಟಿಗೆ ಆಚೆ ಬದಿಯಲ್ಲಿ ನಟ್ಟು ಹಾಕಿದರೆ ಫ್ರೇಮು ಉಳಿಯುತ್ತದೆ. ಲೇತ್ ಅಂಗಡಿಯಲ್ಲಿ ಇದು ಹೆಚ್ಚು ಹೊತ್ತಿನ ಕೆಲಸವಲ್ಲ.

ಹೊಸ ಬೋಲ್ಟು ದಪ್ಪ, ಉದ್ದ, ಥ್ರೆಡ್ಡಿನ ಅಂತರ ಮೂರರಲ್ಲೂ ಹಳೆಯದಕ್ಕೆ ಹೊಂದಬೇಕು. ಮುರಿದ ತುಂಡನ್ನು ಅಂಗಡಿಗೆ ಒಯ್ಯುವುದು ಲೇಸು. ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಇರುವುದನ್ನೇ ಕೇಳಬೇಕು. ಫಳಫಳಿಸುವ ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯದಿದ್ದರೂ ಎ2-70 ದರ್ಜೆಯದಾದರೆ 8.8ರಷ್ಟು ಬಲ ಅದಕ್ಕಿಲ್ಲ.

ಬಿಗಿಯುವ ಹದ

ಬೋಲ್ಟಿನ ಥ್ರೆಡ್ಡಿಗೂ ತಲೆಯ ಅಡಿಗೂ ತುಸು ಗ್ರೀಸು ಹಚ್ಚಬೇಕು. ಒಣ ಬೋಲ್ಟಿನಲ್ಲಿ ಕೈಯ ಬಲವೆಲ್ಲ ಉಜ್ಜಾಟಕ್ಕೇ ಹೋಗುತ್ತದೆ, ಕ್ಲ್ಯಾಂಪು ಬಿಗಿಯದೆಯೇ ಬಿಗಿಯಿತೆನಿಸುತ್ತದೆ. ಎಂ5 ಬೋಲ್ಟಿಗೆ 5 ನ್ಯೂಟನ್ ಮೀಟರ್ ಸುತ್ತಮುತ್ತಲಿನ ಬಲ ಸಾಕು, ಕ್ಲ್ಯಾಂಪಿನ ಮೇಲೆ ಬೇರೆ ಅಂಕಿ ಬರೆದಿದ್ದರೆ ಅದೇ ಪ್ರಮಾಣ. ಟಾರ್ಕ್ ರೆಂಚ್ ಇಲ್ಲದವರು ಅಲೆನ್ ಕೀಯನ್ನು ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ ಹಿಡಿದು, ಐದು ಕೆ.ಜಿ. ಅಕ್ಕಿಚೀಲ ಎತ್ತುವಷ್ಟು ಬಲ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕೀಗೆ ಪೈಪು ಸಿಕ್ಕಿಸಿ ಉದ್ದ ಮಾಡುವುದು ಬೋಲ್ಟು ಮುರಿಯುವ ದಾರಿ. ಕೈಯಿಂದ ಮಡಚುವ ಲಿವರ್ ಇದ್ದರೆ, ಅದು ಅರ್ಧ ಹಾದಿಗೆ ಬಂದಾಗ ಬಿಗಿ ಶುರುವಾಗಬೇಕು, ಪೂರ್ತಿ ಮಡಚಿದಾಗ ಅಂಗೈಯಲ್ಲಿ ಅಚ್ಚು ಮೂಡಬೇಕು.

ಎಷ್ಟು ಎತ್ತರಕ್ಕೆ ಏರಿಸಬಹುದೆಂಬುದಕ್ಕೆ ಪೋಸ್ಟಿನ ಮೇಲೆ ಒಂದು ಗೆರೆ ಇರುತ್ತದೆ, ಅದು ಯಾವಾಗಲೂ ಪೈಪಿನೊಳಗೆ ಮುಳುಗಿರಬೇಕು. ಬೆಳೆಯುವ ಮಕ್ಕಳ ಸೈಕಲ್ಲಿನಲ್ಲಿ ಇದನ್ನು ಮರೆಯುವುದು ಹೆಚ್ಚು. ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಎಂಟನೇ ತರಗತಿಯಲ್ಲಿ ಸೈಕಲ್ ಪಡೆದ ಮಕ್ಕಳು ಹತ್ತನೇ ತರಗತಿಯವರೆಗೂ ಅದನ್ನೇ ತುಳಿದರು. ಆ ವಯಸ್ಸಿನಲ್ಲಿ ಸೀಟನ್ನು ವರ್ಷ ವರ್ಷವೂ ಎತ್ತಬೇಕಾಗುತ್ತದೆ. ಗೆರೆ ಹೊರಗೆ ಬಂದ ಪೋಸ್ಟು ಸಲಾಕೆಯಂತೆ ಮೀಟಿ ಪೈಪಿನ ಬಾಯನ್ನೇ ಬಿರಿಯಿಸುತ್ತದೆ. ಅಂಥಲ್ಲಿ ಬೇಕಾದದ್ದು ಉದ್ದದ ಪೋಸ್ಟು.

ಕೆಲಸ ಮುಗಿದ ಮೇಲೆ ಪೈಪಿನ ಬಾಯಿಗೆ ಸರಿಯಾಗಿ ಮತ್ತೆ ಟೇಪ್ ಸುತ್ತಿ, ಉಬ್ಬು ತಗ್ಗಿರುವ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿ ನೋಡಬೇಕು. ಟೇಪು ಮೇಲಕ್ಕೆ ಸುಕ್ಕುಗಟ್ಟಿದ್ದರೆ ಪೋಸ್ಟು ಇನ್ನೂ ಇಳಿಯುತ್ತಿದೆ, ಅಳತೆಯನ್ನು ಮತ್ತೆ ನೋಡಬೇಕು. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟು ಇರುವ ಸೈಕಲ್ಲಿಗೆ ಇನ್ನೊಂದು ಆರೈಕೆ ಬೇಕು. ಮಳೆನೀರು ಸೇರಿದಾಗ ಈ ಎರಡು ಲೋಹಗಳು ಒಂದನ್ನೊಂದು ಕಚ್ಚಿಕೊಂಡು ಬೆಸೆದಂತಾಗುತ್ತವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆಯ ಆಯುಧಪೂಜೆಗೆ ಸೈಕಲ್ ತೊಳೆಯುವಾಗ ಇನ್ನೊಮ್ಮೆ ಪೋಸ್ಟನ್ನು ಹೊರತೆಗೆದು, ಒರೆಸಿ, ಗ್ರೀಸು ಸವರಿ, ಟೇಪಿನ ಗುರುತಿಗೇ ಮತ್ತೆ ಇಳಿಸಬೇಕು.